ಮಗುವನ್ನು ಕೆಳಗಿಳಿಸದ ತಾತ

ನಮ್ಮ ಮಾವನ ಅಂಗೈಗಳು ಹೊಗೆಸೊಪ್ಪಿನ ಅಂಟು ಹತ್ತಿ ಹತ್ತಿ ಕಪ್ಪಗಾಗಿದ್ದವು. ಎಷ್ಟು ಸೋಪು ಹಚ್ಚಿದರೂ ಗೆರೆಗಳೊಳಗಿನ ಕಪ್ಪು ಹೋಗುತ್ತಿರಲಿಲ್ಲ. ಆದರೂ ನನ್ನ ಮಗಳನ್ನು ಮುಟ್ಟುವ ಮುಂಚೆ ಬಚ್ಚಲಿಗೆ ಹೋಗಿ ತಿಕ್ಕಿ ತೊಳೆದು, ಮೂಸಿ ನೋಡಿ, ಪಂಚೆಗೆ ಒರೆಸಿಕೊಂಡು ಬರುತ್ತಿದ್ದರು. ಬಂದವರು ತಕ್ಷಣ ಎತ್ತಿಕೊಳ್ಳುತ್ತಿರಲಿಲ್ಲ. ಮೊದಲು ಜಗಲಿಯ ಕಡೆ ಒಮ್ಮೆ ತಿರುಗಿ ನೋಡುತ್ತಿದ್ದರು. ಅಲ್ಲಿ ಯಾರೂ ಇರುತ್ತಿರಲಿಲ್ಲ. ಆಮೇಲೆ ಬಾಗಿ ಎತ್ತಿಕೊಳ್ಳುತ್ತಿದ್ದರು. ವಯಸ್ಸಾದವರ ಚಟ ಇರಬೇಕು ಅಂದುಕೊಂಡು ನಾನು ಸುಮ್ಮನಿದ್ದೆ.

ನಾನು ಕೊಪ್ಪದ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಬೆಳಿಗ್ಗೆ ಬಸ್ಸು ಹತ್ತಿದರೆ ಮನೆ ಸೇರುವುದು ಸಂಜೆಗೆ. ಅತ್ತೆ ಹೊಲಕ್ಕೆ ಹೋಗುತ್ತಿದ್ದರು, ನನ್ನ ಗಂಡ ಟ್ರ್ಯಾಕ್ಟರ್ ಓಡಿಸುತ್ತಿದ್ದರು. ಹೀಗೆ ಮಂಡಿನೋವಿನಿಂದ ಮನೆಯಲ್ಲೇ ಉಳಿದ ಮಾವನ ಪಾಲಿಗೆ ಮಗು ಬಂತು. ಅವರಿಗೋ ಲಾಟರಿ ಹೊಡೆದ ಖುಷಿ. ಮುದ್ದೆಯನ್ನು ಗೋಲಿಯಷ್ಟು ಗೋಲಿಯಷ್ಟು ಉಂಡೆ ಮಾಡಿ, ಒಂದೊಂದಕ್ಕೂ ಊರಿನ ಒಬ್ಬೊಬ್ಬರ ಹೆಸರಿಟ್ಟು ಅವಳಿಗೆ ನುಂಗಿಸುತ್ತಿದ್ದರು. ಪಂಚಾಯಿತಿ ಮೆಂಬರನ್ನು ನುಂಗಿದ ದಿನ ತಾತ ಮೊಮ್ಮಗಳಿಬ್ಬರೂ ಬಿದ್ದು ಬಿದ್ದು ನಕ್ಕಿದ್ದರು. ಅವಳು ಸ್ವಲ್ಪ ದೊಡ್ಡವಳಾದ ಮೇಲೆ, ನಮ್ಮ ಎಮ್ಮೆ ಅಂಗನವಾಡಿಯಲ್ಲಿ ಓದಿ ಫೇಲಾದದ್ದು ಎಂದು ನಂಬಿಸಿದ್ದರು. ಅದಕ್ಕೆ ಅವಳು ದಿನಾ ಕೊಟ್ಟಿಗೆಗೆ ಹೋಗಿ ಅಆಇಈ ಹೇಳಿಕೊಡುತ್ತಿದ್ದಳು.

ನನಗಿದ್ದದ್ದು ಒಂದೇ ತಕರಾರು. ಅವರು ಮಗುವನ್ನು ಕೆಳಗಿಳಿಸುತ್ತಲೇ ಇರಲಿಲ್ಲ. ಅದು ಮುಖ ಕಿವುಚಿದರೆ ಸಾಕು, ಹೆಗಲ ಮೇಲಿರುತ್ತಿತ್ತು. ನನ್ನ ನಾಲಿಗೆ ಮೊದಲೇ ಚೂಪು. ಹೀಗೇ ಆದರೆ ಇವಳು ನೆಲಕ್ಕೆ ಕಾಲಿಡುವುದು ಮದುವೆಯ ದಿನವೇ ಎಂದು ಚುಚ್ಚುತ್ತಿದ್ದೆ.

"ಅತ್ತಾಗ ಎತ್ಕಬೇಕು ಕಣವ್ವ. ಆಮೇಲೆ ಎತ್ಕಳಾಕೆ ಆಯ್ತದೋ ಇಲ್ವೋ" ಅನ್ನುತ್ತಿದ್ದರು.

ಒಂದೂವರೆ ವರ್ಷದ ಲಸಿಕೆ ಹಾಕಿಸಿದ ಮಾರನೆಯ ದಿನ ಮಗಳ ಮೈ ಬಿಸಿಯಿತ್ತು. ಔಷಧಿ ಕುಡಿಸಿ, ಏನೂ ಭಯವಿಲ್ಲ ಎಂದು ಹೇಳಿ ಕೆಲಸಕ್ಕೆ ಹೋದೆ. ಸಂಜೆ ಬಂದಾಗ ಮಾವ ನಡುಮನೆಯಲ್ಲಿ ನಿಂತಿದ್ದರು. ಮಗು ಅವರ ಹೆಗಲ ಮೇಲೆ ಮಲಗಿತ್ತು, ಜ್ವರ ಇಳಿದಿತ್ತು. ಮಧ್ಯಾಹ್ನದ ಊಟದ ತಟ್ಟೆ ಮುಚ್ಚಿದಂತೆಯೇ ಇತ್ತು. ಅವರ ಮಂಡಿ ಊದಿಕೊಂಡಿತ್ತು. ನಾನು ಕೈ ಚಾಚಿದರೆ ಕೊಡದೆ ಹಿಂದಕ್ಕೆ ಸರಿದರು. ನನಗೆ ರೇಗಿಹೋಯಿತು. ಹೆತ್ತವಳು ನಾನೋ ನೀವೋ ಎಂದು ಕಿತ್ತುಕೊಂಡೆ. ಅವರು ಕುಂಟುತ್ತಾ ಕೊಟ್ಟಿಗೆ ಕಡೆ ಹೋದರು.

ಒಲೆ ಮುಂದೆ ಕೂತಿದ್ದ ಅತ್ತೆ ಆಗ ಬಾಯಿ ಬಿಟ್ಟರು. ನನ್ನ ಗಂಡ ಹುಟ್ಟುವ ಮುಂಚೆ ಅವರಿಗೊಂದು ಹೆಣ್ಣು ಮಗು ಇತ್ತಂತೆ. ಅದಕ್ಕೂ ಒಂದೂವರೆ ವರ್ಷ. ಹಿರಿಯರ ಎದುರು ಗಂಡಸು ತನ್ನ ಮಗುವನ್ನು ತಾನೇ ಎತ್ತಿಕೊಂಡರೆ ನಾಚಿಕೆಗೇಡು ಅನ್ನುತ್ತಿದ್ದ ಕಾಲ ಅದು. ಒಂದು ಮಧ್ಯಾಹ್ನ ಅತ್ತೆ ನೀರಿಗೆ ಹೋಗಿದ್ದಾಗ, ಜ್ವರ ಬಂದಿದ್ದ ಮಗು ಬಾಗಿಲಲ್ಲಿ ಕೂತು ಅಳುತ್ತಾ ಮಾವನ ಕಡೆ ಕೈ ಚಾಚಿತಂತೆ. ಜಗಲಿಯ ಮೇಲೆ ಮಾವನ ಅಪ್ಪ ಊರಿನ ನಾಲ್ಕು ಜನರ ಜೊತೆ ಮಾತಾಡುತ್ತಾ ಕೂತಿದ್ದರು. ಮಾವ ಹೆಂಡತಿ ಬರಲಿ ಎಂದು ಕೈ ಹಿಂದೆ ಕಟ್ಟಿಕೊಂಡು ಕಾದರು. ಅತ್ತೆ ಬರುವಷ್ಟರಲ್ಲಿ ಮಗು ಸೆಟೆದುಕೊಂಡಿತ್ತು. ಆಸ್ಪತ್ರೆಯ ದಾರಿಯಲ್ಲೇ ಹೋಯಿತು.

"ಎತ್ಕಂಡಿದ್ರೆ ಉಳೀತಿತ್ತು ಅಂತ ನಾ ಯೋಳಾಕಿಲ್ಲ ಕಣವ್ವ" ಅಂದರು ಅತ್ತೆ. "ಆದ್ರೆ ಅದು ಕೈ ಚಾಚ್ತು, ಇವ್ರು ನಿಂತಿದ್ರು. ಅದ್ನ ಇವ್ರು ಯಾವತ್ತೂ ಬಾಯ್ಬುಟ್ಟು ಆಡ್ಲಿಲ್ಲ, ನಾನೂ ಕೇಳ್ಲಿಲ್ಲ."

ಅವತ್ತು ನಾನು ತಪ್ಪಾಯಿತು ಅನ್ನಬೇಕಿತ್ತು. ಅದರ ಬದಲು ಕಾಫಿ ತೆಗೆದುಕೊಂಡು ಕೊಟ್ಟಿಗೆಗೆ ಹೋಗಿ, ಮಗುವನ್ನು ಅವರ ತೊಡೆ ಮೇಲೆ ಕೂರಿಸಿ ಬಂದೆ. ಆಮೇಲೆ ಅವರು ಖಾಲಿ ಜಗಲಿಯತ್ತ ತಿರುಗಿದಾಗಲೆಲ್ಲ ನಾನೂ ಅತ್ತ ನೋಡುತ್ತಿದ್ದೆ. ಅಲ್ಲಿ ಕೂತವರು ಅವರ ಪಾಲಿಗೆ ಇನ್ನೂ ಎದ್ದು ಹೋಗಿರಲಿಲ್ಲ. ಸಂಜೆ ಕಸ ಗುಡಿಸುವಾಗ ನಾನೂ ಆ ಜಾಗ ಬಿಟ್ಟು ಗುಡಿಸತೊಡಗಿದೆ.

ನನ್ನ ಗಂಡನಿಗೂ ಅಪ್ಪನ ಎದುರು ಮಗಳನ್ನು ಎತ್ತಿಕೊಳ್ಳಲು ಸಂಕೋಚ. ಹಾಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ದಿನ ಅವಳು ಅಂಗಳದಲ್ಲಿ ಜಾರಿ ಬಿದ್ದಳು. ಪಕ್ಕದಲ್ಲೇ ಇದ್ದ ಇವರು ಬಾಗಲು ಹೋದವರು, ಜಗಲಿಯಲ್ಲಿದ್ದ ಅಪ್ಪನನ್ನು ನೋಡಿ ಹಾಗೇ ನಿಂತರು. ಮಾವ ಅದನ್ನು ಕಂಡರು.

"ಎತ್ಕಳ್ಳಾ" ಅಂದರು. "ನಾ ಕೂತಿವ್ನಿ ಅಂತ ನಿಂತ್ಕಬ್ಯಾಡ. ನಾನೇ ಒಳಿಕೆ ಓಯ್ತೀನಿ."

ಗೋಡೆ ಹಿಡಿದು ಎದ್ದು, ನಿಜಕ್ಕೂ ಒಳಗೆ ಹೋಗಿಬಿಟ್ಟರು. ಅವರ ಬೆನ್ನ ಹಿಂದೆ ನನ್ನ ಗಂಡ ಮಗಳನ್ನು ಎತ್ತಿಕೊಂಡರು.

ಕಳೆದ ವರ್ಷ ಮಾವ ಹಾಸಿಗೆ ಹಿಡಿದರು. ಕೊನೆಯ ಮಧ್ಯಾಹ್ನ ಕಣ್ಣು ಮುಚ್ಚಿಕೊಂಡೇ ಎರಡೂ ಕೈ ಮುಂದೆ ಚಾಚಿದರು. ನಾಲ್ಕು ವರ್ಷದ ಮಗಳನ್ನು ಅವರ ತೋಳಿನೊಳಗೆ ಮಲಗಿಸಿದೆ. ಅವಳ ಹಣೆ, ಕತ್ತು, ಹೊಟ್ಟೆ ಮುಟ್ಟಿ ಮುಟ್ಟಿ ನೋಡಿದರು. ಏನೋ ಹೆಸರು ಹಿಡಿದು ಕರೆದರು. ಅದು ನನ್ನ ಮಗಳ ಹೆಸರಲ್ಲ. ನಾನಲ್ಲ ತಾತ ಅನ್ನಲು ಅವಳು ಬಾಯಿ ತೆರೆದಳು, ಬೇಡವೆಂದು ಸನ್ನೆ ಮಾಡಿದೆ.

"ಜ್ವರ ಬುಟ್ಟದೆ" ಅಂದರು ಮಾವ, ಅತ್ತೆಗೆ ಕೇಳುವಂತೆ.

ಅತ್ತೆ ಹತ್ತಿರ ಬಂದು ಅವರ ಎದೆ ಸವರಿದರು.

"ಊಂ, ಬುಟ್ಟದೆ. ನೀವು ಎತ್ಕಂಡಿದ್ರಲ್ಲ" ಅಂದರು.