ಯಲ್ಲಪ್ಪ ಮೇಸ್ತ್ರಿಯವರ ಎಡಗೈ

ಯಾವ ಗಾಡಿಯೇ ಬರಲಿ, ಯಲ್ಲಪ್ಪ ಮೇಸ್ತ್ರಿಯವರು ಮೊದಲು ನಟ್ಟು ತಿರುಗಿಸುವ ಪಾನಾ ಹಿಡಿಯುತ್ತಿರಲಿಲ್ಲ. ಬಾನೆಟ್ ಎತ್ತಿ, ಎಡಗೈಯನ್ನು ಮಗುಚಿ, ಅದರ ಹಿಂಬದಿಯನ್ನು ಇಂಜಿನ್ನಿನ ಒಂದೊಂದು ಕೊಳವೆಗೂ ತಾಗಿಸುತ್ತ ಹೋಗುತ್ತಿದ್ದರು. ಜ್ವರ ಬಂದ ಕೂಸಿನ ಕೊರಳು ಮುಟ್ಟಿ ನೋಡುವ ತಾಯಿಯಂತೆ. ಆ ಕೈಯ ಹಿಂಬದಿಯಲ್ಲಿ ಒಂದು ರೋಮವೂ ಇರಲಿಲ್ಲ. ಹಳೆಯ ಸುಟ್ಟ ಕಲೆಗಳ ಮೇಲೆ ಹೊಸವು ಕೂತು, ಚರ್ಮ ತಿಕ್ಕಿದ ತೊಗಲಿನಂತೆ ಹೊಳೆಯುತ್ತಿತ್ತು. “ಅಂಗೈ ಕೆಲಸಾ ಮಾಡಿ ಮಾಡಿ ದಡ್ಡ ಆಗಿರತೈತ್ರಿ. ಹಿಂದಿನ ಚರ್ಮಾ ಇನ್ನೂ ಶಾಣ್ಯಾ ಇರತೈತಿ,” ಎನ್ನುತ್ತಿದ್ದರು.

ಹುಬ್ಬಳ್ಳಿಯ ಗ್ಯಾರೇಜುಗಳಲ್ಲಿ ಇಂದಿಗೂ ಅವರ ಬಗೆಗೆ ಒಂದು ಕಥೆ ಓಡಾಡುತ್ತದೆ: ಬೇಸಗೆಯಲ್ಲಿ ಹೀಟರ್ ಹಚ್ಚಿ ವ್ಯಾನಿನ ಇಂಜಿನ್ ಸುಟ್ಟ ಮೇಸ್ತ್ರಿ ಎಂದು. ಹೇಳುವವರು ನಗುತ್ತಾರೆ, ಕೇಳುವವರೂ ನಗುತ್ತಾರೆ. ಹತ್ತು ಬಾಯಿ ದಾಟಿ ಬಂದ ಮಾತನ್ನು ನಾನು ಸುಲಭವಾಗಿ ನಂಬುವವನಲ್ಲ. ಇದನ್ನಂತೂ ನಂಬಲಾರೆ, ಏಕೆಂದರೆ ಆ ಮಾತು ಹುಟ್ಟಿದ ಕೋಣೆಯಲ್ಲಿ ನಾನೇ ಇದ್ದೆ.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಹುಬ್ಬಳ್ಳಿಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಉಗ್ರಾಣದ ಕಾರಕೂನ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು. ಇಂಗ್ಲಿಷನ್ನು ನಿಘಂಟು ಮುಂದಿಟ್ಟುಕೊಂಡು ನಾನಾಗಿಯೇ ಕಲಿತಿದ್ದೆ, ಅದರ ಜಂಬವೂ ನನಗಿತ್ತು. ಯಾವುದೋ ಚಳಿದೇಶದ ದಾನಿಗಳು ಆಸ್ಪತ್ರೆಗೆ ಒಂದು ಹಳೆಯ ವ್ಯಾನು ಕಳಿಸಿದ್ದರು. ಅದರೊಳಗೆ ಬಿಸಿಗಾಳಿ ಊದುವ ಹೀಟರು. ಹುಬ್ಬಳ್ಳಿಯಲ್ಲಿ ಇದೇಕೆ ಎಂದು ಎಲ್ಲರೂ ನಕ್ಕರು. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ಚಳಿಗಾಲದ ಮುಂಜಾವಿನಲ್ಲಿ ಹಳ್ಳಿಗಳಿಂದ ತರಬೇಕಾಗಿದ್ದ ನರ್ಸ್ ಸುಶೀಲಾಬಾಯಿ ಮಾತ್ರ ನಗಲಿಲ್ಲ.

ವ್ಯಾನಿನ ರಿಪೇರಿ ಯಲ್ಲಪ್ಪನವರದು. ಉಣಕಲ್ಲಿನ ರಸ್ತೆ ಬದಿಗೆ ಅವರ ತಗಡಿನ ಗ್ಯಾರೇಜು. ಮಹಾಯುದ್ಧದ ಕಾಲಕ್ಕೆ ಪಲ್ಟನ್ನು ಸೇರಿ, ಹಿಮ ಬೀಳುವ ನಾಡಿನಲ್ಲಿ ಕೆಲಸ ಕಲಿತು ಬಂದವರು. ನಮ್ಮ ಪೈಕಿ ಹೀಟರನ್ನು ಮೊದಲೇ ಕಂಡಿದ್ದವರು ಅವರೊಬ್ಬರೇ. ಓದಲು ಬರುತ್ತಿರಲಿಲ್ಲ. ವ್ಯಾನಿನ ಜೊತೆ ಬಂದ ಇಂಗ್ಲಿಷ್ ಕೈಪಿಡಿಯನ್ನು ನಾನು ಓದಿ ಹೇಳುತ್ತಿದ್ದೆ. ಅವರು ನನ್ನನ್ನು “ಪುಸ್ತಕದ ಅಣ್ಣಾರ” ಎಂದು ಕರೆಯುತ್ತಿದ್ದರು. ಅದರಲ್ಲಿ ಗೌರವವೆಷ್ಟು, ಚೇಷ್ಟೆಯೆಷ್ಟು ಎಂಬುದು ನನಗೆ ಎಂದೂ ಬಗೆಹರಿಯಲಿಲ್ಲ.

ಬೇಸಗೆಯಲ್ಲಿ ಅವರು ಹೀಟರ್ ಹಚ್ಚಿಸಿದ್ದು ನಿಜ. ಧಾರವಾಡಕ್ಕೆ ಹೊರಟಿದ್ದೆವು. ನವಲೂರಿನ ಏರಿನಲ್ಲಿ ಇಂಜಿನ್ ಕಾದು ಏದುಸಿರು ಬಿಡತೊಡಗಿದಾಗ ಮೇಸ್ತ್ರಿ ಡ್ರೈವರನಿಗೆ ಹೇಳಿದರು: “ಶಿವಪ್ಪ, ಹೀಟರ್ ಹಚ್ಚು.”

ಹಿಂದೆ ಕೂತಿದ್ದ ಆಸ್ಪತ್ರೆಯ ಕಾರ್ಯದರ್ಶಿ, ಅರಳೆಯ ದೊಡ್ಡ ವ್ಯಾಪಾರಿಯಾದ ಸಾಹುಕಾರರು, ರುಮಾಲು ತೆಗೆದು ಬೀಸಿಕೊಂಡರು. “ಏನೋ ಯಲ್ಲಪ್ಪ, ನಮ್ಮನ್ನೇನು ಶೇಂಗಾ ಅಂತ ತಿಳದೀಯೇನು? ಹುರ್ಯಾಕತ್ತೀಯಲ್ಲ!”

“ನೀವು ಬೆವತ್ರ ಒರಸ್ಕೊಳ್ಳಾಕ ರುಮಾಲ್ ಐತ್ರಿ ಸಾವಕಾರ್ರ. ಇಂಜಿನ್ ಬೆವತ್ರ ಯಾರು ಒರಸ್ತಾರ್ರಿ?”

ಇಂಜಿನ್ನಿನ ಬಿಸಿನೀರೇ ಎರಡು ಕೊಳವೆಗಳಲ್ಲಿ ಹೀಟರಿನ ಪೆಟ್ಟಿಗೆಗೆ ಹರಿದು ಮರಳುತ್ತದೆ. ಫ್ಯಾನು ಆ ಕಾವನ್ನು ಒಳಗೆ ಊದುತ್ತದೆ. ಒಳಗೆ ಕೂತವರಿಗೆ ಎಷ್ಟು ಸೆಕೆಯೋ ಇಂಜಿನ್ನಿಗೆ ಅಷ್ಟು ಹಗುರ. ವ್ಯಾನು ಏರು ದಾಟಿತು. ಆ ದಿನ ಸುಟ್ಟದ್ದು ಸಾಹುಕಾರರ ಮನಸ್ಸು ಮಾತ್ರ. ಶಿವಪ್ಪ ಮುಸಿ ಮುಸಿ ನಕ್ಕಿದ್ದು ಅವರಿಗೆ ಕೇಳಿಸಿತ್ತು.

ಆ ವರ್ಷದ ಚಳಿಗಾಲದಲ್ಲಿ ಹೀಟರು ತಣ್ಣನೆಯ ಗಾಳಿ ಊದತೊಡಗಿತು. ನಾನು ಕೈಪಿಡಿಯಲ್ಲಿ ಹೀಟರಿನ ಅಧ್ಯಾಯ ತೆರೆದು ಓದಿದೆ: ನೀರಿನ ನಲ್ಲಿ ಮುಚ್ಚಿರಬಹುದು, ಕೊಳವೆ ಕಟ್ಟಿರಬಹುದು, ಥರ್ಮೋಸ್ಟಾಟ್ ಕೆಟ್ಟಿರಬಹುದು. ಮೇಸ್ತ್ರಿ ಒಂದೊಂದನ್ನೂ ಬಿಚ್ಚಿ ನೋಡಿದರು. ಎಲ್ಲವೂ ನೆಟ್ಟಗಿದ್ದವು. ಕೊನೆಗೆ ಎಡಗೈ ಮಗುಚಿದರು. ಇಂಜಿನ್ ಕೆಂಡವಾಗಿತ್ತು, ಹೀಟರಿನ ಎರಡೂ ಕೊಳವೆಗಳು ತಣ್ಣಗಿದ್ದವು. ಇಂಜಿನ್ ಆರಿದ ಮೇಲೆ ರೇಡಿಯೇಟರಿನ ಮುಚ್ಚಳ ತೆಗೆದರೆ ನೀರು ಅರ್ಧಕ್ಕಿಳಿದಿತ್ತು. ತುಂಬಿದರು, ಬಿಸಿಗಾಳಿ ಬಂತು. ಮೂರನೆಯ ದಿನ ಮತ್ತೆ ತಣ್ಣಗೆ. ನೆಲದ ಮೇಲೆ ಒಂದು ಹನಿ ಸೋರಿದ ಗುರುತಿಲ್ಲ.

“ಹಂಗಾದ್ರ ನೀರು ಎಲ್ಲಿ ಹೋತು ಮೇಸ್ತ್ರಿ?” ಎಂದೆ.

“ಹೊರಗ ಸೋರಿದ್ರ ನೆಲ ಹೇಳತೈತ್ರಿ ಅಣ್ಣಾರ. ಒಳಗ ಸೋರಿದ್ರ ಹೊಗಿ ಹೇಳತೈತಿ.” ನನ್ನನ್ನು ವ್ಯಾನಿನ ಹಿಂದಕ್ಕೆ ಕರೆದೊಯ್ದರು. ಬಿಸಿಲೇರಿದ್ದರೂ ಸೈಲೆನ್ಸರಿನಿಂದ ಬಿಳಿಯ ಹಬೆ ಬರುತ್ತಲೇ ಇತ್ತು. “ಇಂಜಿನ್ನಿನ ತಲಿ ಕೆಳಗಿನ ತಗಡು, ಹೆಡ್ಡಿನ ಗ್ಯಾಸ್ಕೆಟ್, ಒಡದೈತಿ. ಇಂಜಿನ್ ತನ್ನ ನೀರು ತಾನ ಕುಡ್ಯಾಕತ್ತೈತಿ. ಹೀಟರ್ ಕೆಟ್ಟಿಲ್ರಿ. ಅದು ಬಾಯಿಬಿಟ್ಟು ಹೇಳಾಕತ್ತೈತಿ.”

ಇಂಜಿನ್ ಬಿಚ್ಚಬೇಕು, ಗ್ಯಾಸ್ಕೆಟ್ ಮುಂಬಯಿಯಿಂದ ಬರಬೇಕು, ಎಂಟು ದಿನ ವ್ಯಾನು ನಿಲ್ಲಬೇಕು ಎಂದು ಅವರು ಕಾರ್ಯದರ್ಶಿಗಳ ಮುಂದೆ ಹೇಳಿದರು.

“ಎಂಟು ದಿನ ಬಾಣಂತ್ಯಾರನ್ನ ನಿನ್ನ ಹೆಗಲ ಮ್ಯಾಲೆ ತರ್ತೀಯೇನು? ಹುಬ್ಬಳ್ಳ್ಯಾಗ ಹೀಟರ್ ಯಾವನಿಗೆ ಬೇಕೋ? ಕಿತ್ತು ಒಗಿ. ಕೂಸಿಗೆ ಬಿಸಿನೀರಿನ ಚೀಲ ಇಟ್ರಾತು.” ಸಾಹುಕಾರರು ನನ್ನ ಕಡೆ ತಿರುಗಿದರು. “ಏನ್ರಿ, ಪುಸ್ತಕದಾಗ ಗ್ಯಾಸ್ಕೆಟ್ ಅಂತ ಬರದೈತೇನ್ರಿ?”

ಹೀಟರಿನ ಅಧ್ಯಾಯದಲ್ಲಿ ಇರಲಿಲ್ಲ. “ಇಲ್ರಿ,” ಎಂದೆ. ನಾನು ಓದಿದ್ದು ಅದೊಂದೇ ಅಧ್ಯಾಯ. ಹೇಳಿದ್ದು ಮಾತ್ರ ಇಡೀ ಪುಸ್ತಕ ಅರೆದು ಕುಡಿದವನ ದನಿಯಲ್ಲಿ.

ಮೇಸ್ತ್ರಿ ನನ್ನನ್ನು ಒಮ್ಮೆ ನೋಡಿದರು. “ಥರ್ಮಾಮೀಟರ್ ಒಡದ್ರ ಜ್ವರಾ ಹೋಗೂದಿಲ್ರಿ ಸಾವಕಾರ್ರ. ಗಾಡಿಯ ಶಾಖ ತೋರ್ಸೂ ಮುಳ್ಳು ಮೊದಲ ಸತ್ತೈತಿ. ಉಳದಿದ್ದು ಇದೊಂದ.” ಹೀಟರು ಕೀಳಲು ಅವರು ಒಪ್ಪಲಿಲ್ಲ. ಬೇರೆ ಗ್ಯಾರೇಜಿನವರು ಕಿತ್ತು, ಕೊಳವೆಗಳ ಬಾಯಿಗೆ ಬಿರಡೆ ಜಡಿದರು.

ತಿಂಗಳು ತುಂಬಿರಲಿಲ್ಲ. ಧಾರವಾಡದಾಚೆಯ ಹಳ್ಳಿಯಿಂದ ಏಳು ತಿಂಗಳಿಗೆ ಹುಟ್ಟಿದ ಕೂಸೊಂದನ್ನು ತರುತ್ತಿದ್ದೆವು. ಔಷಧ ಮುಟ್ಟಿಸಲು ಹೋಗಿದ್ದ ನಾನೂ ವ್ಯಾನಿನಲ್ಲಿದ್ದೆ. ಹೊರಡುವ ಮುಂಚೆ ಶಿವಪ್ಪ ಡಬ್ಬಿಯಿಂದ ರೇಡಿಯೇಟರಿಗೆ ನೀರು ತುಂಬಿದ್ದನ್ನು ಕಣ್ಣಾರೆ ಕಂಡಿದ್ದೆ. ಉಣಕಲ್ ಕೆರೆ ಕಾಣುವಷ್ಟರಲ್ಲಿ ಇಂಜಿನ್ ಒಮ್ಮೆ ಕಿರುಚಿ, ಹಿಡಿದುಕೊಂಡು, ನಿಂತುಬಿಟ್ಟಿತು. ಶಿವಪ್ಪ ಓಡಿಹೋಗಿ ಮೇಸ್ತ್ರಿಯವರನ್ನು ಕರೆತಂದ. ಬಾನೆಟ್ಟಿನ ಬಳಿ ಅವರ ಎಡಗೈ ಗಾಳಿಯಲ್ಲೇ ನಿಂತಿತು, ಮುಟ್ಟಲಿಲ್ಲ. ಅದೇ ಕೈಯನ್ನು ಸುಶೀಲಾಬಾಯಿಯ ಮಡಿಲಲ್ಲಿದ್ದ ಕೂಸಿನ ಅಂಗಾಲಿಗೆ ತಾಗಿಸಿದರು. “ಇನ್ನೂ ಬೆಚ್ಚಗೈತ್ರಿ ಅಕ್ಕಾರ. ಲಗೂ ಇಳೀರಿ.” ನಡುರಸ್ತೆಯಲ್ಲಿ ಎರಡೂ ಕೈ ಚಾಚಿ ನಿಂತು ಬಸ್ಸು ತಡೆದರು.

ಕೂಸು ಬದುಕಿತು. ಇಂಜಿನ್ ಬದುಕಲಿಲ್ಲ. ಅದಕ್ಕೊಬ್ಬ ಹೊಣೆಗಾರ ಬೇಕಾಗಿತ್ತು.

ಆಸ್ಪತ್ರೆಯ ಕಮಿಟಿಯ ಮುಂದೆ ನಾನು, ಹೊರಡುವಾಗ ತುಂಬಿದ ನೀರು ದಾರಿಯಲ್ಲೇ ಇಂಗಿಹೋದದ್ದನ್ನು ಹೇಳಹೊರಟೆ. “ಅದನ್ನ ಕೇಳಿಲ್ರಿ,” ಎಂದರು ಸಾಹುಕಾರರು. “ಬ್ಯಾಸಗಿಯೊಳಗ ಯಲ್ಲಪ್ಪ ಹೀಟರ್ ಹಚ್ಚಿಸಿದ್ದು ಖರೇನೋ, ಸುಳ್ಳೋ?”

“ಖರೇ ರಿ. ಆದ್ರ...”

“ಸಾಕು.”

ಶಿವಪ್ಪ ನೆಲ ನೋಡುತ್ತಿದ್ದ. ಅವನಿಗೆ ನಾಲ್ಕು ಮಕ್ಕಳು. ಮೇಸ್ತ್ರಿ ಬಾಗಿಲ ಬಳಿ ನಿಂತಿದ್ದರು. ಅವರಿಗೆ ಕುರ್ಚಿ ಹಾಕಿರಲಿಲ್ಲ. ಕಮಿಟಿಯ ನಡಾವಳಿ ಪುಸ್ತಕದಲ್ಲಿ ದಾಖಲಾದದ್ದು ನನ್ನ “ಖರೇ” ಎಂಬ ಒಂದು ಮಾತು. ನಾನು ಆಡಿದ ಒಂದು ನಿಜದಿಂದಲೇ ಆ ಸುಳ್ಳು ಕಟ್ಟಲ್ಪಟ್ಟಿತು. ಮೇಸ್ತ್ರಿಯವರ ಕೈಯಿಂದ ಆಸ್ಪತ್ರೆಯ ಕೆಲಸ ಹೋಯಿತು. ಕಥೆ ಹಬ್ಬಿದ ಮೇಲೆ ಉಳಿದ ಗಾಡಿಗಳೂ ಉಣಕಲ್ ದಾಟಿ ಮುಂದೆ ಹೋದವು.

ಅನಂತರ ಕೈಪಿಡಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಇಂಜಿನ್ನಿನ ಅಧ್ಯಾಯದಲ್ಲಿ ಅದು ಇತ್ತು: ಹೊರಗೆ ಸೋರದೆ ನೀರು ಇಳಿಯುತ್ತಿದ್ದರೆ ಹೆಡ್ಡಿನ ಗ್ಯಾಸ್ಕೆಟ್ ನೋಡಬೇಕು, ಹೀಟರು ತಣ್ಣಗಾಗುವುದು ಅದರ ಮೊದಲ ಸೂಚನೆಗಳಲ್ಲೊಂದು. ಸಾಹುಕಾರರಿಗೆ ತೋರಿಸಿದೆ. “ಮುಗದ ಮಾತ್ರಿ,” ಎಂದು ಪುಟ ಮುಚ್ಚಿದರು. ಮೇಸ್ತ್ರಿಯವರಿಗೆ ಮುಖ ತೋರಿಸುವ ಧೈರ್ಯ ಬರಲು ನನಗೆ ಎರಡು ವರ್ಷ ಹಿಡಿಯಿತು.

ಹೋದಾಗ ಅವರು ಹಾಸಿಗೆ ಹಿಡಿದಿದ್ದರು. ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿತ್ತು. ಮಗಳು ಚಹ ತಂದಿಟ್ಟು ಹೋದಳು. ನಾನು ಆ ಪುಟ ತೆರೆದು, ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದೆ. ಕೆಲವನ್ನು ಎರಡೆರಡು ಸಲ.

“ಪುಸ್ತಕಕ್ಕೂ ಗೊತ್ತಿತ್ತಾ?” ಎಂದರು. ಕಣ್ಣು ಚಹದ ಲೋಟದ ಕಡೆ ಹೊರಳಿಸಿದರು. ಆಮೇಲೆ, “ಅಣ್ಣಾರ, ಎಡಗೈಗೆ ಈಗ ಏನೂ ತಿಳಿಯೂದಿಲ್ರಿ. ಬಲಗೈ ಮೊದಲಿಂದ ದಡ್ಡ. ಚಾ ಬಿಸಿ ಐತೇನು ನೋಡ್ರಿ.”

“ಬಿಸಿ ಐತಿ ಮೇಸ್ತ್ರಿ. ಈಗಷ್ಟ ತಂದಾರಲ್ಲ,” ಎಂದೆ.

ಬಲಗೈಯಿಂದ ಎತ್ತಿ ಒಂದು ಗುಟುಕು ಕುಡಿದರು. ನನ್ನ ಓದಿನಲ್ಲಿ ಹೊತ್ತು ಹೋಗಿ ಅದು ಯಾವಾಗಲೋ ಆರಿತ್ತು. ಓರೆಯಾದ ಬಾಯಲ್ಲೇ ನಕ್ಕರು. “ಇನ್ನೂ ಮುಟ್ಟಿ ನೋಡಲಾರದನ ಹೇಳ್ತೀರಿ ನೋಡ್ರಿ ನೀವು.”

ಏಳುವ ಮುನ್ನ, ಹೊದಿಕೆಯ ಮೇಲೆ ಮಗುಚಿ ಬಿದ್ದಿದ್ದ ಅವರ ಎಡಗೈಗೆ ನನ್ನ ಕೈಯ ಹಿಂಬದಿಯನ್ನು ತಾಗಿಸಿದೆ. ಬೆಚ್ಚಗಿತ್ತು. ಅವರಿಗೆ ತಿಳಿಯಲಿಲ್ಲ.