ಬೇವಿನ ಕುಡಿ ಸಿಗದ ಬೆಲ್ಲ

ಗಾವಡಗೆರೆಯ ಸುನಂದಮ್ಮನಿಗೆ ಊರಿನವರು ಇಟ್ಟ ಹೆಸರು ಅನುಮಾನದಮ್ಮ. ನೆಂಟರು ತಂದ ತುಪ್ಪವನ್ನೂ ಮೂಸಿ ನೋಡದೆ ಒಳಗಿಡುವವಳಲ್ಲ. ಮೊದಲ ಮಗುವಿನ ಕೆಮ್ಮಿಗೆಂದು ಯಾರಿಂದಲೋ ಕೊಂಡ ಜೇನುತುಪ್ಪ ಬರೀ ಸಕ್ಕರೆ ಪಾಕವಾಗಿತ್ತು. ಅಂದಿನಿಂದ ಹತ್ತಿದ ಬುದ್ಧಿ ಇದು.

ಆ ಬುದ್ಧಿಯೇ ಅವಳಿಗೆ ಒಂದು ಕೆಲಸ ಕೊಟ್ಟಿತು. ಯುಗಾದಿ ಕಳೆದ ಮೊದಲ ಭಾನುವಾರ ಕೆರೆ ಬಯಲಿನ ಹೊಂಗೆ ಮರಗಳ ಕೆಳಗೆ ಸುತ್ತಲಿನ ರೈತರು ವಸಂತ ಸಂತೆ ನಡೆಸುತ್ತಾರೆ. ತಾವೇ ಬೆಳೆದದ್ದು, ತಾವೇ ಮಾಡಿದ್ದು ಮಾತ್ರ ಮಾರಬೇಕು. ಬೆಳಿಗ್ಗೆ ಸುನಂದಮ್ಮ ಒಂದೊಂದು ಅಂಗಡಿಯ ಸರಕನ್ನೂ ನೋಡಿ, ಒಪ್ಪಿಗೆಯಾದರೆ ಅಂಗಡಿ ಮುಂದಿನ ಬಿದಿರು ಗಳುವಿಗೆ ಬೇವಿನ ಕುಡಿ ಕಟ್ಟುತ್ತಾಳೆ. ಕುಡಿ ಇಲ್ಲದ ಕಡೆ ಯಾರೂ ಕೊಳ್ಳುವುದಿಲ್ಲ.

ಹೋದ ವರ್ಷ ಕೆ.ಆರ್. ನಗರದ ಕಡೆಯಿಂದ ಅವಳ ತಮ್ಮ ಚೆಲುವರಾಜು ಎಂದಿನಂತೆ ಬೆಲ್ಲ ತಂದಿದ್ದ. ಅವನದು ಸ್ವಂತ ಆಲೆಮನೆ. ಆದರೆ ಯಾವಾಗಲೂ ಕಪ್ಪಗೆ ಇರುತ್ತಿದ್ದ ಅಚ್ಚುಗಳು ಆ ಸಲ ಹೊಂಬಣ್ಣಕ್ಕೆ ಹೊಳೆಯುತ್ತಿದ್ದವು. ಸುನಂದಮ್ಮ ಒಂದು ಚೂರು ಬಾಯಿಗೆ ಹಾಕಿಕೊಂಡಳು. ಸಿಹಿಯ ಹಿಂದೆಯೇ ಉಪ್ಪು ತಗುಲಿತು, ಬಣ್ಣ ಬರಲೆಂದು ರಾಸಾಯನಿಕ ಹಾಕಿದ ಬೆಲ್ಲದ ಹಾಗೆ.

"ಯಾವಾಗ ಬೇಯ್ಸಿದ್ದು ಚೆಲುವ?"

"ಸಂಕ್ರಾಂತೀಗ್ ಮುಂಚೇನೆ ಕಣಕ್ಕ. ಕುಡಿ ಕಟ್ಟು, ಜನ ಬತ್ತಾವ್ರೆ."

ಅವನು ಮುಖ ನೋಡದೆ ಹೇಳಿದ. ಆಲೆಮನೆ ನಡೆಸಿದ ವರ್ಷ ಅವನ ಮುಂಗೈ ತುಂಬ ಪಾಕ ಸಿಡಿದ ಕಲೆಗಳಿರುತ್ತಿದ್ದವು. ಈಗ ಒಂದೂ ಇರಲಿಲ್ಲ. ಸುನಂದಮ್ಮ ನೀರು ಕುಡಿಯುವ ನೆಪದಲ್ಲಿ ಟೆಂಪೋ ಹತ್ತಿರ ನಿಂತಿದ್ದ ಅವನ ಹೆಂಡತಿ ಪ್ರಮೀಳಾಳ ಬಳಿ ಹೋದಳು.

"ಈ ಬೆಲ್ಲ ಯಾವಾಗ ಮಾಡುದ್ರಿ ಪ್ರಮೀಳಾ?"

"ಶಿವರಾತ್ರಿ ಕಳುದ್ಮೇಲೆ ಅತ್ಗೆ," ಎಂದು ಪ್ರಮೀಳಾ ಗಂಡನ ಕಡೆ ನೋಡಿದಳು.

ಗಂಡನದೊಂದು, ಹೆಂಡತಿಯದೊಂದು. ಸುನಂದಮ್ಮ ಹಿಂದಿರುಗಿ ತಮ್ಮನ ಪಕ್ಕದಲ್ಲೇ ಕೂತಳು.

"ಇದು ನಿನ್ ಕೈ ಬೆಲ್ಲ ಅಲ್ಲ ಕಣ್ಲಾ. ಎಲ್ಲಿಂದ ತಂದೆ?"

ಚೆಲುವರಾಜು ತಲೆ ತಗ್ಗಿಸಿದ. ಕೊಪ್ಪರಿಗೆಯ ತಳ ಸೀಳಿಹೋಗಿ ಆ ವರ್ಷ ಒಲೆಯನ್ನೇ ಹಚ್ಚಿರಲಿಲ್ಲವಂತೆ. ಸಂತೆಯಲ್ಲಿ ತನ್ನ ಜಾಗ ಬೇರೆಯವರ ಪಾಲಾದೀತೆಂದು ಹೊರಗಿನಿಂದ ಕೊಂಡು ತಂದಿದ್ದ.

"ಇದೊಂದು ವರ್ಸ ಕಟ್ಬುಡಕ್ಕ. ನಿನ್ ತಮ್ಮ ಅಲ್ವಾ ನಾನು?"

"ತಮ್ಮ ಅಂತ್ಲೇ ಪಕ್ಕದಲ್ ಕೂತ್ಕಂಡು ಕೇಳ್ತಿರದು. ಬೇರೆಯವ್ರಾಗಿದ್ರೆ ಮೈಕಲ್ಲಿ ಕೂಗಿಸ್ತಿದ್ದೆ."

ಅವಳು ಕುಡಿ ಕಟ್ಟಲಿಲ್ಲ. ಅವನು ಬೆಲ್ಲವನ್ನೆಲ್ಲ ಮತ್ತೆ ಟೆಂಪೋಗೆ ತುಂಬಿದ. ಎತ್ತಿಕೊಡಲು ಹೋದ ಅಕ್ಕನ ಕೈಯನ್ನು ಸರಿಸಿದ. ಗೌರಿ ಹಬ್ಬಕ್ಕೆ ತವರಿನ ಬಾಗಿನ ಹಿಡಿದು ಬಂದವಳು ಪ್ರಮೀಳಾ ಒಬ್ಬಳೇ. ಆ ದಿನ ಸುನಂದಮ್ಮ ಒಲೆಯ ಮುಂದೆ ಕೂತು ಅತ್ತಳು. ಆದರೂ ತಾನು ಮಾಡಿದ್ದು ತಪ್ಪೆಂದು ಅವಳಿಗೆ ಅನ್ನಿಸಲಿಲ್ಲ.

ಈ ವರ್ಷ ಚೆಲುವರಾಜು ಬಂದ. ಕಪ್ಪು ಬೆಲ್ಲ, ಮುಂಗೈಯಲ್ಲಿ ಹೊಸ ಕಲೆಗಳು. "ನೋಡಕ್ಕ," ಎಂದಷ್ಟೇ ಹೇಳಿದ. ಸುನಂದಮ್ಮ ಚೂರು ಬಾಯಿಗೆ ಹಾಕಿಕೊಂಡಳು. ಚೆನ್ನಾಗಿತ್ತು. ಆದರೆ ವರ್ಷವಿಡೀ ಮಾತು ಬಿಟ್ಟಿದ್ದ ತಮ್ಮ ಎದುರಿಗೆ ನಿಂತ ಸಂತೋಷಕ್ಕೆ ಹಾಗನ್ನಿಸಿತೋ ಏನೋ ಎಂದು ತನ್ನ ನಾಲಿಗೆಯ ಮೇಲೇ ಅನುಮಾನ ಬಂತು. ಪಕ್ಕದಲ್ಲಿ ಸಂಡಿಗೆ ಮಾರುತ್ತಿದ್ದ ಪುಟ್ಟಲಕ್ಷ್ಮಿಯನ್ನು ಕರೆದಳು.

"ನೀನ್ ತಿಂದ್ ನೋಡವ್ವ. ನಮ್ ಹುಡ್ಗನ್ ಬೆಲ್ಲ, ನಾನ್ ಹೇಳುದ್ರೆ ಸರಿಯಾಗಕಿಲ್ಲ."

ಪುಟ್ಟಲಕ್ಷ್ಮಿ ತಿಂದಳು, ಇನ್ನೊಂದು ಚೂರು ಕೇಳಿ ತಿಂದಳು, ತಾನೇ ಕುಡಿ ಕಟ್ಟಿದಳು. ಚೆಲುವರಾಜು ಮುಖ ಗಂಟಿಕ್ಕಿಕೊಂಡೇ, ಅಕ್ಕ ಕೂರಲೆಂದು ಗೋಣಿಚೀಲವೊಂದನ್ನು ಹಾಸಿದ.