ಭರಮಣ್ಣನ ಪಾಲಿನ ಕಾಟ್ಲಾ

ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ನಾನು ಹಡಗಲಿ ತಾಲ್ಲೂಕಿನಲ್ಲಿ ಮೀನು ಸಾಕಣೆಯ ಕ್ಷೇತ್ರ ಸಹಾಯಕಿಯಾಗಿದ್ದೆ. ಅದಕ್ಕೂ ಮೊದಲು ಕರಾವಳಿಯ ಸಂಶೋಧನಾ ಹಡಗೊಂದರಲ್ಲಿ ಪ್ಲಾಂಕ್ಟನ್ ಎಣಿಸುವ ಕೆಲಸ. ಪ್ಲಾಂಕ್ಟನ್ ಎಂದರೆ ನೀರಿನಲ್ಲಿ ತೇಲುವ, ಹೆಚ್ಚಾಗಿ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಸಸ್ಯ ಮತ್ತು ಪ್ರಾಣಿಗಳು. ಮುಂಗಾರು ಗಾಳಿಗೆ ಕಡಲ ಮೇಲ್ನೀರು ದಡದಿಂದ ದೂರ ಸರಿದಾಗ ಆಳದ ತಣ್ಣೀರು ಮೇಲೆ ಬರುತ್ತದೆ. ಜೊತೆಗೆ ನೈಟ್ರೇಟ್, ಫಾಸ್ಫೇಟ್‌ನಂಥ ಪೋಷಕಾಂಶಗಳನ್ನೂ ತರುತ್ತದೆ. ಅದರಿಂದ ಪ್ಲಾಂಕ್ಟನ್ ಹುಲುಸಾಗುತ್ತದೆ, ಅದನ್ನು ತಿನ್ನಲು ಬೂತಾಯಿ ಮೀನು ಬರುತ್ತದೆ.

ಇಟ್ಟಿಗಿ ಹತ್ತಿರದ ಒಂದು ಕೆರೆಯನ್ನು ಮಹಿಳಾ ಸಂಘ ಗುತ್ತಿಗೆ ಹಿಡಿದಿತ್ತು. ಅಧ್ಯಕ್ಷೆ ಗಂಗಮ್ಮ ಮೊದಲ ದಿನವೇ ಕೇಳಿದರು: "ಸಮುದ್ರ ಎಣಿಸಿ ಮುಗೀತೇನ್ರಿ ಮೇಡಂ, ನಮ್ಮ ಕೆರಿಗೆ ಬಂದ್ರಿ?"

ಬೇಸಿಗೆಯಲ್ಲಿ ಕೆರೆಯಂಗಳ ಒಣಗಿದಾಗ ಕುರಿಗಾರ ಭರಮಪ್ಪ ಅಲ್ಲಿ ಕುರಿ ತರುಬುತ್ತಿದ್ದ, ಅಂದರೆ ರಾತ್ರಿ ಹಿಂಡನ್ನು ಅಲ್ಲೇ ತಂಗಿಸುತ್ತಿದ್ದ. ಅದಕ್ಕೆ ಸಂಘದವರು ಜೋಳ ಕೊಡುತ್ತಿದ್ದರು. ಬಲೆಗೆ ಬಿದ್ದ ಮೊದಲ ಕಾಟ್ಲಾ ಮೀನೂ ಅವನದೇ. ಮಳೆ ಬಂದು ಕೆರೆ ತುಂಬಿದಾಗ ಅಲ್ಲಿ ಬಿದ್ದ ಕುರಿ ಹಿಕ್ಕೆಯೇ ಪ್ಲಾಂಕ್ಟನ್ನಿಗೆ ಆಹಾರ, ಪ್ಲಾಂಕ್ಟನ್ ಮೀನಿಗೆ ಆಹಾರ. ಕಡಲಿನಲ್ಲಿ ಆಳದ ನೀರು ಮಾಡುವ ಕೆಲಸವನ್ನು ಇಲ್ಲಿ ಕುರಿ ಮಾಡುತ್ತವೆ ಎಂದು ನಾನು ಸಂಘದ ಸಭೆಯಲ್ಲಿ ಮೆಚ್ಚಿ ಹೇಳಿದ್ದೆ.

ಆ ಮಳೆಗಾಲ ಕೆರೆ ತುಂಬಿ, ಮೀನುಮರಿ ಬಿಟ್ಟು, ಅವು ಗೇಣುದ್ದ ಬೆಳೆದಿದ್ದವು. ಒಂದು ಸಂಜೆ ಜೋರು ಮಳೆಯಾಯಿತು. ಆಮೇಲೆ ಒಂದು ವಾರ ಬಿಸಿಲು. ನೀರು ಬಣ್ಣ ಕಲಸಿದಂತೆ ದಟ್ಟ ಹಸಿರಾಯಿತು. ಮತ್ತೆ ಎರಡು ದಿನ ಮೋಡ. ಮೂರನೆಯ ಬೆಳಗ್ಗೆ ಗಂಗಮ್ಮ ಫೋನ್ ಮಾಡಿದರು: "ಮೀನೆಲ್ಲ ಹೊಟ್ಟಿ ಮ್ಯಾಲ ಮಾಡ್ಯಾವ್ರಿ, ಲಗೂನ ಬರ್ರಿ."

ಹೋಗಿ ಅಳೆದರೆ, ಕರಗಿದ ಆಮ್ಲಜನಕ ಲೀಟರಿಗೆ ಒಂದು ಮಿಲಿಗ್ರಾಂ ಕೂಡ ಇರಲಿಲ್ಲ. ಅತಿಯಾಗಿ ಬೆಳೆದ ಪ್ಲಾಂಕ್ಟನ್ ಹಗಲು ಬಿಸಿಲಿದ್ದರೆ ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಎಳೆದುಕೊಳ್ಳುತ್ತದೆ. ಮೋಡದ ದಿನಗಳಲ್ಲಿ ಕೊಟ್ಟದ್ದು ಸಾಲದೆ ಮೀನು ಉಸಿರುಗಟ್ಟಿದ್ದವು. ಆದರೆ ಇಷ್ಟೊಂದು ಪೋಷಕಾಂಶ ಎಲ್ಲಿಂದ ಬಂತು? ಕೆರೆಯ ನಾಲ್ಕು ಕಡೆ ಮತ್ತು ನೀರು ಒಳಬರುವ ಹಳ್ಳದ ಮಡುವಿನಲ್ಲಿ ಮಾದರಿ ತೆಗೆದೆ.

ಅಷ್ಟರಲ್ಲಿ ಕೆರೆಯ ಏರಿಯ ಮೇಲೆ ಜನ ಸೇರಿತ್ತು. ಭರಮಪ್ಪನೂ ಬಂದಿದ್ದ.

"ಹೋದ ವರ್ಷಕ್ಕಿಂತ ನಿನ್ನ ಹಿಂಡು ಎರಡರಷ್ಟ ಆಗೈತಿ ಭರಮಣ್ಣ," ಎಂದರು ಗಂಗಮ್ಮ. "ಹಿಕ್ಕಿನೂ ಎರಡರಷ್ಟ ಬಿದ್ದೈತಿ."

"ನಮ್ಮಪ್ಪನ ಕಾಲದಿಂದ ಇಲ್ಲೇ ತರುಬೀವಿ ಗಂಗಕ್ಕ. ಎಂದೂ ಸಾಯಲಾರದ ಮೀನು ಈಗ ನನ್ನ ಕುರಿಯಿಂದ ಸತ್ವೇನು?"

"ಹಿಕ್ಕಿಯಿಂದ ನೀರು ಹಸರಾಕ್ಕೈತಿ ಅಂತ ಮೇಡಮ್ಮಾರ ಹೇಳ್ಯಾರಲ್ಲ!"

ಎಲ್ಲರೂ ನನ್ನತ್ತ ನೋಡಿದರು. "ಪರೀಕ್ಷೆ ಆಗಲಿ," ಎಂದೆ. ಬೇರೆ ಏನೂ ಹೇಳಲಿಲ್ಲ. ನನ್ನ ಮೌನವನ್ನು ಅವರು ಒಪ್ಪಿಗೆ ಎಂದುಕೊಂಡರು. ಇನ್ನು ಮುಂದೆ ಕೆರೆಯಂಗಳದಲ್ಲಿ ಕುರಿ ತರುಬಬಾರದೆಂದು ಅಲ್ಲೇ ತೀರ್ಮಾನವಾಯಿತು. ಭರಮಪ್ಪ ಹೆಗಲ ಕಂಬಳಿ ಸರಿಮಾಡಿಕೊಂಡು ಏರಿಯಿಂದ ಇಳಿದು ಹೋದ.

ಪ್ರಯೋಗಾಲಯದ ವರದಿ ಬರುವುದು ತಡವಾಯಿತು. ಕುರಿ ತಂಗುತ್ತಿದ್ದ ಮೂಲೆಗಿಂತ ಹಳ್ಳದ ಮಡುವಿನಲ್ಲಿ ನೈಟ್ರೇಟ್ ಹಲವು ಪಟ್ಟು ಹೆಚ್ಚಿತ್ತು. ಹಳ್ಳದ ಮೇಲ್ಭಾಗದಲ್ಲೆಲ್ಲ ಮೆಕ್ಕೆಜೋಳ. ಮೋಡ ಕಂಡೊಡನೆ ಯೂರಿಯಾ ಚೆಲ್ಲುವುದು, ತುಂತುರು ಬಿದ್ದು ಅದು ಬೇರಿಗಿಳಿಯಲೆಂದು ಕಾಯುವುದು ಅಲ್ಲಿಯ ರೂಢಿ. ಆ ಸಂಜೆ ತುಂತುರಿನ ಬದಲು ಸುರಿಮಳೆ ಬಂದು, ಚೆಲ್ಲಿದ್ದೆಲ್ಲ ಕೆರೆಗೆ ಹರಿದು ನೈಟ್ರೇಟ್ ಆಗಿತ್ತು. ಸಂಘದವರ ಹೊಲಗಳೂ ಅಲ್ಲೇ ಇದ್ದವು.

ವರದಿ ಓದಿ ಹೇಳಿದಾಗ ಗಂಗಮ್ಮ, "ಮೋಡ ಆದಾಗ ಚೆಲ್ಲಲಾರದ ಮತ್ಯಾವಾಗ ಚೆಲ್ಲಬೇಕ್ರಿ?" ಎಂದರು. ಆಮೇಲೆ ಮೆಲ್ಲಗೆ, "ನೀವ ಹೋಗಿ ಭರಮಣ್ಣನ್ನ ಕರಕೊಂಡ ಬರ್ರಿ. ನನಗ ಮುಖ ಇಲ್ಲ."

ಭರಮಪ್ಪ ಹರಪನಹಳ್ಳಿ ಕಡೆಯ ಹೊಲವೊಂದರಲ್ಲಿ ಹಿಂಡು ತರುಬಿದ್ದ. ನನಗೆ ಕಂಬಳಿ ಹಾಸಿ ಕೂರಿಸಿದ, ಎಲ್ಲವನ್ನೂ ಕೇಳಿಸಿಕೊಂಡ.

"ಕಾಗದದಾಗ ನನ್ನ ಕುರಿ ಗೆದ್ದುವು, ಛಲೋ ಆತು ಯವ್ವಾ. ಏರಿ ಮ್ಯಾಲ ಸೋತಿದ್ದುವಲ್ಲ, ಅಲ್ಲಿ ಯಾರರ ಹೇಳ್ಯಾರೇನು?"

ಅವನ ಮಾತನ್ನು ಹಾಗೇ ಗಂಗಮ್ಮನಿಗೆ ತಲುಪಿಸಿದೆ.

ಅಳಿದುಳಿದ ಮೀನಿಗೆ ಬಲೆ ಬೀಸಿದ ದಿನ ಗಂಗಮ್ಮ ಮೊದಲ ಕಾಟ್ಲಾವನ್ನು ಮುತ್ತುಗದ ಎಲೆಯ ಮೇಲಿಟ್ಟು, ಏರಿಯ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು: "ಇದು ಭರಮಣ್ಣನ ಪಾಲು. ಮೀನ ಕೊಂದಿದ್ದು ನಮ್ಮ ಯೂರಿಯಾ, ಅವನ ಕುರಿ ಅಲ್ಲ." ಅವನಿಗೆ ಮುಂಚೆಯೇ ಹೇಳಿಕಳಿಸಿದ್ದರು. ಮಧ್ಯಾಹ್ನದವರೆಗೆ ಕಾದೆವು. ಅವನು ಬರಲಿಲ್ಲ. ಆ ಮೀನನ್ನು ಯಾರೂ ಮುಟ್ಟಲೂ ಇಲ್ಲ. ಮುಂದಿನ ಬೇಸಿಗೆಯಲ್ಲಿ ಕೆರೆಯಂಗಳದಲ್ಲಿ ಒಂದು ಕುರಿಯೂ ಇರಲಿಲ್ಲ.

ಕಡಲಿನಲ್ಲಿ ಪ್ರವಾಹ ತಾನು ತಂದದ್ದನ್ನು ಬಹುಮಟ್ಟಿಗೆ ಹಂಚಿ ಮುಂದಕ್ಕೆ ಒಯ್ಯುತ್ತದೆ. ಕೆರೆಯಲ್ಲಿ ಬಿದ್ದದ್ದು ಅಲ್ಲೇ ನಿಲ್ಲುತ್ತದೆ, ಊರಿನ ಬಾಯಲ್ಲಿ ಬಿದ್ದ ಮಾತೂ ಹಾಗೆಯೇ. ಈಗ ಎಲ್ಲೇ ಮಾದರಿ ತೆಗೆದರೂ ಬಾಟಲಿಯ ಮುಚ್ಚಳ ಹಾಕುವ ಮೊದಲು ಏರಿಯ ಮೇಲಿನ ಜನಕ್ಕೆ ಗಟ್ಟಿಯಾಗಿ ಹೇಳುತ್ತೇನೆ: ಕಾರಣ ನನಗಿನ್ನೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ.